ಡ್ರಿಪ್ ಹಾಕಿದರೆ ಏಳುವ ನಾಯಿ ಹದಿನೈದು ದಿನಕ್ಕೆ ಮತ್ತೆ ಮಲಗುತ್ತಿದೆಯಾ? ಅಡಿಸನ್ ಕಾಯಿಲೆ ಗುರುತಿಸುವುದು, ನಿಭಾಯಿಸುವುದು ಹೇಗೆ

"ನಾಯಿಗೆ ಕಿಡ್ನಿ ಹೋಗಿದೆ ಅಂದರು. ಎರಡು ದಿನ ಡ್ರಿಪ್ ಹಾಕಿದರು. ಈಗ ಎದ್ದು ಓಡಾಡ್ತಿದೆ, ಊಟಾನೂ ಮಾಡ್ತಿದೆ. ಹುಷಾರಾಯ್ತು ಅಲ್ವಾ?"

ಈ ಪ್ರಶ್ನೆ ನನಗೆ ತಿಂಗಳಿಗೊಮ್ಮೆಯಾದರೂ ಬರುತ್ತದೆ. ಕೇಳುವವರು ಬೇರೆ ಬೇರೆ, ನಾಯಿಗಳೂ ಬೇರೆ ಬೇರೆ, ಕಥೆ ಮಾತ್ರ ಒಂದೇ. ಆರು ವರ್ಷದ ಹಿಂದೆ ನಮ್ಮ ಲ್ಯಾಬ್ರಡಾರ್ ಚಿನ್ನಿಯ ಕಥೆಯೂ ಇದೇ ಆಗಿತ್ತು. ಮೂರು ಸಲ ಡ್ರಿಪ್ ಹಾಕಿಸಿದೆವು, ಮೂರು ಸಲ ಎದ್ದಳು, ನಾಲ್ಕನೇ ಸಲ ಏಳಲಿಲ್ಲ, ಆಗ ಗೊತ್ತಾಯ್ತು ಕಿಡ್ನಿ ಸರಿಯಾಗಿಯೇ ಇದೆ, ಕೆಟ್ಟಿರುವುದು ಅದರ ಪಕ್ಕದಲ್ಲಿ ಕೂತಿರುವ ಪುಟ್ಟ ಅಡ್ರಿನಲ್ ಗ್ರಂಥಿ ಅಂತ. ಅವಳು ಈಗಲೂ ಇದ್ದಾಳೆ. ಇದನ್ನು ಬರೆಯುವಾಗ ನನ್ನ ಕಾಲ ಮೇಲೇ ತಲೆ ಇಟ್ಟು ಮಲಗಿದ್ದಾಳೆ.

ಜನ ಎಡವುವುದು ಎರಡೇ ಕಡೆ. ಡ್ರಿಪ್‌ಗೆ ಎದ್ದಿತು ಎಂದು ಅಲ್ಲಿಗೇ ಬಿಟ್ಟುಬಿಡುವುದು ಒಂದು. ರಕ್ತ ತೆಗೆಯುವ ಮೊದಲೇ ಸ್ಟೆರಾಯ್ಡ್ ಚುಚ್ಚಿಸಿ, ಆಮೇಲೆ ಪರೀಕ್ಷೆಗೆ ಓಡುವುದು ಇನ್ನೊಂದು. ಈ ಕಾಯಿಲೆಯಲ್ಲಿ ಏನು ಮಾಡಬೇಕು ಅನ್ನುವಷ್ಟೇ, ಯಾವುದರ ಮುಂಚೆ ಯಾವುದು ಅನ್ನುವುದೂ ಮುಖ್ಯ. ಆದ್ದರಿಂದ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಕಾಯಿಲೆ ಏನು ಅನ್ನುವುದು ಇಷ್ಟೇ. ಅಡ್ರಿನಲ್ ಗ್ರಂಥಿಯ ಹೊರಪದರ ಎರಡು ಮುಖ್ಯ ಹಾರ್ಮೋನ್ ಮಾಡುತ್ತದೆ. ಕಾರ್ಟಿಸಾಲ್ ನಾಯಿಗೆ ಒತ್ತಡ ತಡೆಯುವ ಶಕ್ತಿ ಕೊಡುತ್ತದೆ, ಸಕ್ಕರೆ ಮಟ್ಟ ಹಿಡಿಯುತ್ತದೆ, ಹೊಟ್ಟೆ ಕರುಳು ಸರಿಯಾಗಿಡುತ್ತದೆ. ಆಲ್ಡೋಸ್ಟೆರಾನ್ ಮೈಯಲ್ಲಿ ಉಪ್ಪಿನಂಶ, ಅಂದರೆ ಸೋಡಿಯಂ, ಉಳಿಸಿ ಪೊಟ್ಯಾಷಿಯಂ ಹೊರಗೆ ಕಳಿಸುತ್ತದೆ. ಹೆಚ್ಚಿನ ನಾಯಿಗಳಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಈ ಪದರವನ್ನು ತಿಂದುಹಾಕುತ್ತದೆ. ಹೋದ ಪದರ ಮತ್ತೆ ಬೆಳೆಯುವುದಿಲ್ಲ. ಆದರೆ ಎರಡೂ ಹಾರ್ಮೋನ್‌ಗೆ ಬದಲಿ ಔಷಧಿ ಇದೆ, ಸರಿಯಾಗಿ ಕೊಟ್ಟರೆ ನಾಯಿ ತನ್ನ ಪೂರ್ತಿ ಆಯಸ್ಸು ಬದುಕುತ್ತದೆ.

## ಶುರು ಮಾಡುವ ಮೊದಲು ಮನೆಯಲ್ಲಿ ಇರಬೇಕಾದ್ದು

ದೊಡ್ಡ ಖರ್ಚಿನದ್ದೇನೂ ಅಲ್ಲ. ಒಂದು ನೋಟ್‌ಬುಕ್, ಗೋಡೆ ಕ್ಯಾಲೆಂಡರ್, ಡಿಜಿಟಲ್ ಥರ್ಮಾಮೀಟರ್, ಮಾತ್ರೆ ಕತ್ತರಿಸುವ ಪುಟ್ಟ ಕಟರ್, ತೂಕದ ಯಂತ್ರ. ನಾಯಿಯನ್ನು ಎತ್ತಿಕೊಂಡು ಯಂತ್ರದ ಮೇಲೆ ನಿಂತು, ಆಮೇಲೆ ನಿಮ್ಮೊಬ್ಬರದೇ ತೂಕ ಕಳೆದರೆ ಸಾಕು. ಹಳೆಯ ರಕ್ತಪರೀಕ್ಷೆ ರಿಪೋರ್ಟ್ ಎಲ್ಲವನ್ನೂ ಒಂದೇ ಫೈಲಿನಲ್ಲಿ ತಾರೀಖಿನ ಪ್ರಕಾರ ಜೋಡಿಸಿ. "ಫೋನ್‌ನಲ್ಲಿದೆ, ಹುಡುಕ್ತೀನಿ" ಅನ್ನುವುದು ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆ ಬಾಗಿಲಲ್ಲಿ ಕೈಕೊಡುತ್ತದೆ.

## 1. ಲಕ್ಷಣಕ್ಕಿಂತ ಅದು ಬಂದುಹೋಗುವ ರೀತಿ ನೋಡಿ

ಅಡಿಸನ್‌ಗೆ ಅದರದೇ ಅಂತ ಒಂದು ಲಕ್ಷಣ ಇಲ್ಲ. ಊಟ ಬೇಡ ಅನ್ನುವುದು, ವಾಂತಿ, ಬೇಧಿ, ತೂಕ ಇಳಿಯುವುದು, ಸುಸ್ತು, ಮೈ ನಡುಕ, ಕೆಲವೊಮ್ಮೆ ಜಾಸ್ತಿ ನೀರು ಕುಡಿದು ಜಾಸ್ತಿ ಮೂತ್ರ ಮಾಡುವುದು. ಇವೆಲ್ಲ ನೂರು ಕಾಯಿಲೆಗಳಲ್ಲಿ ಬರುತ್ತವೆ. ಇಲ್ಲಿ ಸುಳಿವು ಕೊಡುವುದು ಅದು ಬಂದು, ಹೋಗಿ, ಮತ್ತೆ ಬರುವುದು. ನಾಲ್ಕು ದಿನ ಸಪ್ಪಗಿರುತ್ತದೆ, ಹತ್ತು ದಿನ ಚೆನ್ನಾಗಿರುತ್ತದೆ, ಮತ್ತೆ ಸಪ್ಪಗಾಗುತ್ತದೆ. ಡ್ರಿಪ್ ಅಥವಾ ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಂತ್ರ ಹಾಕಿದ ಹಾಗೆ ಏಳುತ್ತದೆ. ಮನೆಗೆ ನೆಂಟರು ಬಂದಾಗ, ಮನೆ ಬದಲಿಸಿದಾಗ, ನೀವು ಊರಿಗೆ ಹೋಗಿ ಬಂದಾಗ ಕೆಡುತ್ತದೆ.

ಚಿನ್ನಿಯ ವಿಷಯದಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಹಿಂಗಾಲು. ಬೆಳಿಗ್ಗೆ ಮೊಸರನ್ನದ ಬಟ್ಟಲ ಮುಂದೆ ನಿಂತಳು, ಮೂಸಿದಳು, ತಿನ್ನಲಿಲ್ಲ. ವಾಪಸ್ ಬರುವಾಗ ಅಂಗಳದ ಎರಡೇ ಎರಡು ಮೆಟ್ಟಿಲು ಹತ್ತಲು ಗೋಡೆಗೆ ಒರಗಿಕೊಂಡಳು. ಹಿಂಗಾಲು ಸಣ್ಣಗೆ ನಡುಗುತ್ತಿತ್ತು, ಚಳಿಗೆ ನಡುಗಿದ ಹಾಗೆ. ಅದು ಮೇ ತಿಂಗಳು.

ಸಾಮಾನ್ಯವಾಗಿ ಇದು ಮೂರರಿಂದ ಏಳು ವರ್ಷದ ನಾಯಿಗಳಲ್ಲಿ ಕಾಣುತ್ತದೆ, ಗಂಡಿಗಿಂತ ಹೆಣ್ಣು ನಾಯಿಗಳಲ್ಲಿ ಜಾಸ್ತಿ. ಸ್ಟ್ಯಾಂಡರ್ಡ್ ಪೂಡಲ್, ಗ್ರೇಟ್ ಡೇನ್, ರಾಟ್‌ವೈಲರ್, ಬಿಯರ್ಡೆಡ್ ಕಾಲಿ ಇಂಥ ತಳಿಗಳ ಹೆಸರು ಪಟ್ಟಿಯಲ್ಲಿ ಮೇಲಿರುತ್ತದೆ. ಹಾಗಂತ ನಮ್ಮ ಬೀದಿಯ ಇಂಡಿ ನಾಯಿಗೆ ಬರಲ್ಲ ಅಂತಲ್ಲ. ಯಾವ ತಳಿಗಾದರೂ, ಯಾವ ವಯಸ್ಸಿಗಾದರೂ ಬರಬಹುದು.

ನೋಟ್‌ಬುಕ್‌ನಲ್ಲಿ ದಿನಕ್ಕೊಂದು ಸಾಲು ಬರೆಯಿರಿ. ಊಟ ಎಷ್ಟು, ವಾಂತಿ ಬೇಧಿ ಉಂಟೋ ಇಲ್ಲವೋ, ವಾರಕ್ಕೊಮ್ಮೆ ತೂಕ, ಮನೆಯಲ್ಲಿ ಆ ದಿನ ಏನಾದರೂ ಗಲಾಟೆ ಇತ್ತಾ. ಆರು ವಾರದ ಇಂಥ ಸಾಲುಗಳನ್ನು ಡಾಕ್ಟರ ಮುಂದಿಟ್ಟರೆ ಅವರೂ ಕಿಡ್ನಿ, ಲಿವರ್ ಬಿಟ್ಟು ಬೇರೆ ದಿಕ್ಕಿನಲ್ಲಿ ಯೋಚಿಸುತ್ತಾರೆ.

ಇಲ್ಲಿ ಆಗುವ ತಪ್ಪು: ಪ್ರತಿ ಸಲ ಹೊಸ ಡಾಕ್ಟರ ಹತ್ತಿರ ಹೋಗುವುದು. ಒಬ್ಬೊಬ್ಬರೂ ಒಂದೊಂದೇ ಸಲ ನೋಡಿದರೆ ಒಬ್ಬರಿಗೆ ಫುಡ್ ಪಾಯ್ಸನ್, ಇನ್ನೊಬ್ಬರಿಗೆ ಗ್ಯಾಸ್ಟ್ರಿಕ್, ಮತ್ತೊಬ್ಬರಿಗೆ ಟಿಕ್ ಫೀವರ್ ಕಾಣುತ್ತದೆ. ನಮ್ಮ ಕಡೆ ಉಣ್ಣಿ ಕಚ್ಚಿ ಬರುವ ಟಿಕ್ ಫೀವರ್ ನಿಜಕ್ಕೂ ಜಾಸ್ತಿ, ಅದನ್ನು ಪರೀಕ್ಷೆ ಮಾಡಿಸಲೇಬೇಕು. ಆದರೆ ಸಾಮಾನ್ಯವಾಗಿ ಟಿಕ್ ಫೀವರ್‌ನಲ್ಲಿ ಮೈ ಸುಡುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಅಡಿಸನ್ ನಾಯಿಯ ಮೈ ತಣ್ಣಗೇ ಇರುವುದು ಜಾಸ್ತಿ. ನಾಯಿಯ ಸಹಜ ತಾಪಮಾನ ಸುಮಾರು 100ರಿಂದ 102.5 ಫ್ಯಾರನ್‌ಹೀಟ್. ಸಪ್ಪಗಿರುವ ದಿನ ಅಳೆದು ಬರೆದಿಡಿ.

## 2. ಕಾಯುವ ಹೊತ್ತಲ್ಲ ಅನ್ನುವುದು ಯಾವಾಗ

ಹಾರ್ಮೋನ್ ಪೂರ್ತಿ ಬತ್ತಿದಾಗ ನಾಯಿ ಕುಸಿದುಬೀಳುತ್ತದೆ. ಇದಕ್ಕೆ ಅಡಿಸನ್ ಕ್ರೈಸಿಸ್ ಅನ್ನುತ್ತಾರೆ. ಉಪ್ಪು, ನೀರು ಎರಡೂ ಮೈಯಿಂದ ಹೋಗಿ ರಕ್ತದೊತ್ತಡ ಬೀಳುತ್ತದೆ, ಪೊಟ್ಯಾಷಿಯಂ ಏರಿ ಹೃದಯದ ಬಡಿತ ಕೆಡಿಸುತ್ತದೆ. ಗಂಟೆಗಳ ಲೆಕ್ಕದಲ್ಲಿ ಪ್ರಾಣ ಹೋಗಬಹುದು.

ಮನೆಯಲ್ಲೇ ನೋಡಬಹುದಾದ್ದು ಹೀಗೆ. ತುಟಿ ಎತ್ತಿ ಒಸಡು ನೋಡಿ: ಬಿಳಿಚಿದೆಯಾ, ಬೆರಳಿಂದ ಒತ್ತಿ ಬಿಟ್ಟರೆ ಗುಲಾಬಿ ಬಣ್ಣ ವಾಪಸ್ ಬರಲು ಎರಡು ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತದೆಯಾ. ಕಿವಿ, ಪಾದ ತಣ್ಣಗಿದೆಯಾ. ಹೆಸರು ಹಿಡಿದು ಕರೆದರೆ ಕಣ್ಣು ಮಾತ್ರ ಹೊರಳುತ್ತದೆ, ತಲೆ ಏಳುವುದಿಲ್ಲವಾ.

ಆಮೇಲೆ ಎಡ ಮುಂಗಾಲಿನ ಮೊಣಕೈ ಎದೆಗೆ ತಾಗುವ ಜಾಗದಲ್ಲಿ ಅಂಗೈ ಇಟ್ಟು 15 ಸೆಕೆಂಡ್ ಬಡಿತ ಎಣಿಸಿ, ನಾಲ್ಕರಿಂದ ಗುಣಿಸಿ. ನೀರು ಬತ್ತಿ ಕುಸಿದ ನಾಯಿಯ ಹೃದಯ ಓಡುತ್ತಿರಬೇಕು. ಅಂಥ ಸ್ಥಿತಿಯಲ್ಲೂ ಅದು ನಿಧಾನವಾಗಿ, ಆರಾಮಾಗಿ ಮಲಗಿದ ನಾಯಿಯ ಹಾಗೆ ಅಥವಾ ಅದಕ್ಕಿಂತ ಕಡಿಮೆ, ನಿಮಿಷಕ್ಕೆ 50, 60 ಅಂತ ಬಡಿಯುತ್ತಿದ್ದರೆ ಪೊಟ್ಯಾಷಿಯಂ ಏರಿದೆಯಾ ಅಂತ ಅನುಮಾನ ಪಡಲೇಬೇಕು. ಚಿನ್ನಿಯ ಎದೆಗೆ ಸ್ಟೆತಸ್ಕೋಪ್ ಇಟ್ಟ ಡಾಕ್ಟರು ಒಂದು ಸಲ ಗಡಿಯಾರ ನೋಡಿದರು, ಮತ್ತೊಂದು ಸಲ ನೋಡಿದರು. "ಇಷ್ಟು ಸುಸ್ತಾಗಿರೋ ನಾಯಿಗೆ ಬಡಿತ ಇಷ್ಟು ನಿಧಾನ ಇರಬಾರದಲ್ಲ" ಅಂದರು. ಆ ಒಂದು ಮಾತಿನಿಂದಲೇ ಅವಳು ಉಳಿದಳು.

ಹೊರಡುವ ಮೊದಲು ಫೋನ್ ಮಾಡಿ ಇಷ್ಟು ಹೇಳಿ: "ನಾಯಿ ಕುಸಿದಿದೆ, ಬಡಿತ ನಿಧಾನ ಇದೆ, ಹಿಂದೆ ಡ್ರಿಪ್‌ಗೆ ಎರಡು ಸಲ ಚೇತರಿಸಿಕೊಂಡಿತ್ತು, ಸೋಡಿಯಂ ಪೊಟ್ಯಾಷಿಯಂ ಅಲ್ಲೇ ನೋಡಲು ಆಗುತ್ತಾ?" ಆಗಲ್ಲ ಅಂದರೆ ಆಗುವ ಕಡೆ ಹೋಗಿ. ಹತ್ತಿರ ಪಶುವೈದ್ಯ ಕಾಲೇಜು ಇದ್ದರೆ, ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್ ಹೀಗೆ, ಅಲ್ಲಿನ ಆಸ್ಪತ್ರೆಗೂ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಕುಸಿದ ದಿನ ನಂಬರ್ ಹುಡುಕುವ ಹಾಗಿರಬಾರದು.

ಎಳನೀರು ಕುಡಿಸಬೇಡಿ. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು ಅನ್ನಿಸುತ್ತದೆ. ವಾಂತಿ ಬೇಧಿ ಅಂದರೆ ನಮ್ಮ ಕೈ ಮೊದಲು ಎಳನೀರಿಗೇ ಹೋಗುತ್ತದೆ, ಮನುಷ್ಯರಿಗೆ ಸರಿಯೇ. ಆದರೆ ಎಳನೀರಲ್ಲಿ ಪೊಟ್ಯಾಷಿಯಂ ಜಾಸ್ತಿ, ಸೋಡಿಯಂ ಕಡಿಮೆ. ಅಡಿಸನ್ ನಾಯಿಯ ರಕ್ತದಲ್ಲಿ ಆಗಿರುವ ಅನಾಹುತವೂ ಅದೇ. ಉರಿಯುವ ಒಲೆಗೆ ಇನ್ನೆರಡು ಸೌದೆ ಹಾಕಿದ ಹಾಗೆ. ತಲೆ ಎತ್ತಲಾಗದ ನಾಯಿಗೆ ಬಾಯಿಂದ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

## 3. ಮೊದಲು ರಕ್ತ, ಆಮೇಲೆ ಸ್ಟೆರಾಯ್ಡ್

ಟೇಬಲ್ ಮೇಲೆ ನಾಯಿ ಮಲಗಿದ ಕೂಡಲೇ ಕೇಳಬೇಕಾದ ಮಾತು ಒಂದೇ: "ಡಾಕ್ಟ್ರೇ, ಇಂಜೆಕ್ಷನ್ ಕೊಡೋಕೆ ಮುಂಚೆ ಒಂದು ರಕ್ತದ ಸ್ಯಾಂಪಲ್ ತೆಗೆದಿಡ್ತೀರಾ?" ಡ್ರಿಪ್‌ಗೆ ಸೂಜಿ ಹಾಕುವಾಗಲೇ ತೆಗೆಯಬಹುದು, ಎರಡು ನಿಮಿಷದ ಕೆಲಸ. ಡ್ರಿಪ್ ಓಡಿದ ಮೇಲೆ ಸೋಡಿಯಂ ಪೊಟ್ಯಾಷಿಯಂ ಬದಲಾಗುತ್ತದೆ. ಪ್ರೆಡ್ನಿಸೊಲೋನ್ ಅಥವಾ ಹೈಡ್ರೋಕಾರ್ಟಿಸೋನ್ ಕೊಟ್ಟ ಮೇಲೆ ಕಾರ್ಟಿಸಾಲ್ ಪರೀಕ್ಷೆ ಸುಳ್ಳು ಹೇಳುತ್ತದೆ, ಯಾಕೆಂದರೆ ಯಂತ್ರ ಆ ಔಷಧಿಯನ್ನೇ ಕಾರ್ಟಿಸಾಲ್ ಅಂತ ಎಣಿಸುತ್ತದೆ. ತುರ್ತಾಗಿ ಸ್ಟೆರಾಯ್ಡ್ ಬೇಕೇಬೇಕು ಅಂದರೆ ಡೆಕ್ಸಾಮೆಥಾಸೋನ್ ಕೊಡಬಹುದು, ಅದು ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಹಾಗಂತ ಪರೀಕ್ಷೆಗೋಸ್ಕರ ಚಿಕಿತ್ಸೆ ತಡ ಮಾಡುವ ಹಾಗೂ ಇಲ್ಲ. ಪ್ರಾಣ ಮೊದಲು. ರೋಗಕ್ಕೆ ಹೆಸರು ನಾಳೆಯಾದರೂ ಇಡಬಹುದು.

ರಿಪೋರ್ಟ್ ಬಂದ ಮೇಲೆ ನೀವೇ ಒಂದು ಲೆಕ್ಕ ಮಾಡಿ. ಸೋಡಿಯಂ ಅನ್ನು ಪೊಟ್ಯಾಷಿಯಂನಿಂದ ಭಾಗಿಸಿ. ಆರೋಗ್ಯವಂತ ನಾಯಿಯಲ್ಲಿ ಉತ್ತರ ಸುಮಾರು 27ರಿಂದ 40ರ ನಡುವೆ ಬರುತ್ತದೆ. 27ಕ್ಕಿಂತ ಕೆಳಗೆ ಬಂದರೆ ಅನುಮಾನ, 20ಕ್ಕಿಂತ ಕೆಳಗೆ ಬಂದರೆ ಬಲವಾದ ಅನುಮಾನ. ಚಿನ್ನಿಯದು ಸೋಡಿಯಂ 129, ಪೊಟ್ಯಾಷಿಯಂ 7.1. ಭಾಗಿಸಿದರೆ 18.

ಕಿಡ್ನಿಯ ಕೆಲಸ ಅಳೆಯುವ ಕ್ರಿಯಾಟಿನಿನ್, ಯೂರಿಯಾ ಏರಿರುತ್ತದೆ. ಇಲ್ಲೇ "ಕಿಡ್ನಿ ಹೋಗಿದೆ" ಅನ್ನುವ ಮಾತು ಹುಟ್ಟುವುದು. ರಕ್ತ ಸಾಲದೆ ಕಿಡ್ನಿ ಸೊರಗಿರುತ್ತದೆ, ಸೋಡಿಯಂ ಇಲ್ಲದೆ ಮೂತ್ರ ಗಟ್ಟಿ ಮಾಡಲೂ ಅದಕ್ಕೆ ಆಗುವುದಿಲ್ಲ, ಹಾಗಾಗಿ ಮೂತ್ರ ಪರೀಕ್ಷೆಯೂ ಕಿಡ್ನಿ ಕಾಯಿಲೆಯ ಹಾಗೇ ಕಾಣುತ್ತದೆ. ಎರಡು ಮೂರು ದಿನದ ಡ್ರಿಪ್‌ಗೆ ಕ್ರಿಯಾಟಿನಿನ್ ಪೂರ್ತಿ ಸಹಜಕ್ಕೆ ಬಂದರೆ, "ಕಿಡ್ನಿ ರಿಪೇರಿಯಾಯ್ತು" ಅಂತ ಖುಷಿಪಡುವ ಬದಲು ಯಾಕೆ ಇಷ್ಟು ಸುಲಭವಾಗಿ ಸರಿಹೋಯಿತು ಅಂತ ಕೇಳಿ.

ಇನ್ನೊಂದು ಚಿಕ್ಕ ಸುಳಿವು ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಇರುತ್ತದೆ, ಯಾರೂ ನೋಡುವುದಿಲ್ಲ. ತುಂಬ ಕಾಯಿಲೆ ಬಿದ್ದ ನಾಯಿಯಲ್ಲಿ ಕಾರ್ಟಿಸಾಲ್ ಏರಿ ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣ ಇಳಿಯಬೇಕು. ಇಷ್ಟು ಕಾಯಿಲೆಯಲ್ಲೂ ಲಿಂಫೋಸೈಟ್, ಇನ್ನೊಂದು ಬಿಳಿ ರಕ್ತಕಣ ಇಯೊಸಿನೊಫಿಲ್ ಎರಡೂ ಸಹಜವಾಗಿ ಅಥವಾ ಜಾಸ್ತಿ ಇದ್ದರೆ ಕಾರ್ಟಿಸಾಲ್ ಎಲ್ಲಿ ಹೋಯಿತು ಅನ್ನುವ ಪ್ರಶ್ನೆ ಏಳುತ್ತದೆ.

ಮೋಸ ಹೋಗುವ ಜಾಗಗಳೂ ಇವೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಪೊಟ್ಯಾಷಿಯಂ ಇರುವ ರಾಸಾಯನಿಕ ಹಾಕಿರುತ್ತಾರೆ, ಅದರಿಂದ ಬೇರೆ ಟ್ಯೂಬಿಗೆ ರಕ್ತ ಸುರಿದರೆ ಪೊಟ್ಯಾಷಿಯಂ ಸುಳ್ಳೇ ಏರುತ್ತದೆ. ವಿಪ್‌ವರ್ಮ್ ಅನ್ನುವ ಕರುಳಿನ ಹುಳ ಜಾಸ್ತಿಯಾದರೂ ಇದೇ ಥರದ ಸೋಡಿಯಂ ಪೊಟ್ಯಾಷಿಯಂ ಬರುತ್ತದೆ, ಆದ್ದರಿಂದ ಮಲ ಪರೀಕ್ಷೆ ಬಿಡಬೇಡಿ. ಇದಕ್ಕೆ ಉಲ್ಟಾ, ಕೆಲವು ಅಡಿಸನ್ ನಾಯಿಗಳಲ್ಲಿ ಸೋಡಿಯಂ ಪೊಟ್ಯಾಷಿಯಂ ಸರಿಯಾಗೇ ಇರುತ್ತದೆ, ಕಾರ್ಟಿಸಾಲ್ ಮಾತ್ರ ಇರುವುದಿಲ್ಲ. ಅಂಥ ನಾಯಿಗಳು ವರ್ಷಗಟ್ಟಲೆ "ಹೊಟ್ಟೆ ಸೂಕ್ಷ್ಮ" ಅನ್ನಿಸಿಕೊಂಡೇ ಇರುತ್ತವೆ. ಲೆಕ್ಕ 30 ಬಂತು ಅಂತ ಫೈಲ್ ಮುಚ್ಚಬೇಡಿ.

## 4. ಖಚಿತ ಮಾಡುವ ಪರೀಕ್ಷೆ

ಮೊದಲ ಮೆಟ್ಟಿಲು ಸುಮ್ಮನೆ ಒಂದು ಕಾರ್ಟಿಸಾಲ್. ಅದು 2 ಮೈಕ್ರೋಗ್ರಾಂಗಿಂತ ಜಾಸ್ತಿ ಬಂದರೆ, ಅಂದರೆ ಪ್ರತಿ ಡೆಸಿಲೀಟರ್‌ಗೆ, ಅಡಿಸನ್ ಬಹುಮಟ್ಟಿಗೆ ಅಲ್ಲ ಅಂತಲೇ ಲೆಕ್ಕ. ಕಡಿಮೆ ಬಂದರೆ "ಇದೆ" ಅಂತ ಅಲ್ಲ, "ಮುಂದಿನ ಪರೀಕ್ಷೆ ಮಾಡಿ" ಅಂತ. ಇಲ್ಲಿ ಬಹಳ ಜನ ತಪ್ಪುತ್ತಾರೆ. ಆರೋಗ್ಯವಾಗಿರುವ ನಾಯಿಯ ಕಾರ್ಟಿಸಾಲ್ ಕೂಡ ಆರಾಮಿನ ಹೊತ್ತಲ್ಲಿ 2ರ ಕೆಳಗೆ ಬರುವುದುಂಟು.

ಎರಡನೇ ಮೆಟ್ಟಿಲು ಎಸಿಟಿಎಚ್ ಪರೀಕ್ಷೆ. ಒಂದು ಸ್ಯಾಂಪಲ್ ತೆಗೆದು, ಗ್ರಂಥಿಯನ್ನು ಚುರುಕುಗೊಳಿಸುವ ಇಂಜೆಕ್ಷನ್ ಕೊಟ್ಟು, ಮತ್ತೊಂದು ಸ್ಯಾಂಪಲ್ ತೆಗೆಯುತ್ತಾರೆ. ಸಿಂಥೆಟಿಕ್ ಎಸಿಟಿಎಚ್ ಆದರೆ ಒಂದು ಗಂಟೆಗೆ, ಜೆಲ್ ರೂಪದ್ದಾದರೆ ಎರಡು ಗಂಟೆಗೆ. ಚೆನ್ನಾಗಿರುವ ಗ್ರಂಥಿ ಒದ್ದರೆ ಏಳುತ್ತದೆ, ಕಾರ್ಟಿಸಾಲ್ ಮೇಲೆ ಹೋಗುತ್ತದೆ. ಎರಡನೇ ಸ್ಯಾಂಪಲ್‌ನಲ್ಲೂ 2ಕ್ಕಿಂತ ಕೆಳಗೇ ಇದ್ದರೆ ಅನುಮಾನಕ್ಕೆ ಜಾಗವಿಲ್ಲ. ಈ ಇಂಜೆಕ್ಷನ್ ಎಲ್ಲ ಕಡೆ ಇಟ್ಟಿರುವುದಿಲ್ಲ, ಒಂದೆರಡು ದಿನ ಮೊದಲೇ ಹೇಳಿ ತರಿಸಬೇಕಾಗಬಹುದು.

ಸ್ಯಾಂಪಲ್ ಮನುಷ್ಯರ ಲ್ಯಾಬಿಗೆ ಹೋದರೆ ಎರಡು ವಿಷಯ ನೆನಪಿರಲಿ. ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರುವ "ಸಹಜ ಮಟ್ಟ" ಮನುಷ್ಯರದು, ನಾಯಿಗೆ ಲೆಕ್ಕಕ್ಕಿಲ್ಲ. ಅಳತೆಯೂ ನೋಡಿ: ಕೆಲವರು ನ್ಯಾನೋಮೋಲ್‌ನಲ್ಲಿ ಕೊಡುತ್ತಾರೆ. 2 ಮೈಕ್ರೋಗ್ರಾಂ ಅಂದರೆ ಸುಮಾರು 55 ನ್ಯಾನೋಮೋಲ್. ಒಬ್ಬರು ನನಗೆ "ಕಾರ್ಟಿಸಾಲ್ 22 ಬಂದಿದೆ, ಚೆನ್ನಾಗಿದೆ" ಅಂತ ರಿಪೋರ್ಟ್ ಕಳಿಸಿದ್ದರು. ಅದು 22 ನ್ಯಾನೋಮೋಲ್. ಅಂದರೆ 1ಕ್ಕಿಂತಲೂ ಕಡಿಮೆ.

ಈಗಾಗಲೇ ಪ್ರೆಡ್ನಿಸೊಲೋನ್ ನಡೆಯುತ್ತಿದ್ದರೆ ಪರೀಕ್ಷೆಗೆ ಅಂತ ನೀವೇ ನಿಲ್ಲಿಸಬೇಡಿ. ಡೆಕ್ಸಾಮೆಥಾಸೋನ್‌ಗೆ ಬದಲಿಸಿ ಕಡೇಪಕ್ಷ ಒಂದು ದಿನ ಬಿಟ್ಟು ಪರೀಕ್ಷೆ ಮಾಡುವ ದಾರಿ ಇದೆ. ಅದನ್ನು ಡಾಕ್ಟರೇ ನಿರ್ಧರಿಸಬೇಕು.

ತುರಿಕೆಗೋ ಅಲರ್ಜಿಗೋ ತಿಂಗಳುಗಟ್ಟಲೆ ಸ್ಟೆರಾಯ್ಡ್ ತಿಂದ ನಾಯಿಗೆ ಒಮ್ಮೆಲೇ ನಿಲ್ಲಿಸಿದರೂ ಇದೇ ಲಕ್ಷಣ ಬರುತ್ತದೆ. ಗ್ರಂಥಿ ಸತ್ತಿರುವುದಿಲ್ಲ, ಕೆಲಸವಿಲ್ಲದೆ ನಿದ್ದೆ ಹೋಗಿರುತ್ತದೆ. ಸೋಡಿಯಂ ಪೊಟ್ಯಾಷಿಯಂ ಸಾಮಾನ್ಯವಾಗಿ ಕೆಡುವುದಿಲ್ಲ. ಹಳೆಯ ಚೀಟಿ ಎಲ್ಲ ತೋರಿಸಿ, ಮುಚ್ಚಿಡಬೇಡಿ.

## 5. ಆಸ್ಪತ್ರೆಯ ಎರಡು ಮೂರು ದಿನ

ಇದು ಡಾಕ್ಟರ ಕೆಲಸ, ನಿಮ್ಮದಲ್ಲ. ನಾಳಕ್ಕೆ ಸಲೈನ್, ಸಕ್ಕರೆ ಬಿದ್ದಿದ್ದರೆ ಡೆಕ್ಸ್‌ಟ್ರೋಸ್, ಇಸಿಜಿ ಕೆಟ್ಟಿದ್ದರೆ ಹೃದಯ ಕಾಯಲು ಕ್ಯಾಲ್ಸಿಯಂ ಗ್ಲೂಕೋನೇಟ್, ಜೊತೆಗೆ ಸ್ಟೆರಾಯ್ಡ್. ಸೋಡಿಯಂ ತುಂಬ ಇಳಿದಿದ್ದರೆ ಅದನ್ನು ಗಬಕ್ಕನೆ ಏರಿಸಿದರೆ ಮಿದುಳಿಗೆ ಪೆಟ್ಟು, 24 ಗಂಟೆಗೆ 10, 12ಕ್ಕಿಂತ ಜಾಸ್ತಿ ಏರಿಸುವುದಿಲ್ಲ. ಹಾಗಾಗಿ "ಮನೆಯಲ್ಲೇ ಬಾಟಲಿ ಹಾಕಿಸ್ತೀವಿ" ಅನ್ನುವುದು ಈ ಕಾಯಿಲೆಗೆ ಬೇಡ. ಮನೆಗೆ ಕರೆತರುವ ಮುಂಚೆ ಎರಡು ಕೇಳಿ: ಬಾಯಿಂದ ತಿಂದದ್ದು ಉಳಿಯುತ್ತಿದೆಯಾ, ಇವತ್ತಿನ ಸೋಡಿಯಂ ಪೊಟ್ಯಾಷಿಯಂ ಎಷ್ಟು.

## 6. ಎರಡು ಮಾತ್ರೆ, ಎರಡು ಬೇರೆ ಕೆಲಸ

ಒಂದು ಉಪ್ಪಿನ ಲೆಕ್ಕ ನೋಡುತ್ತದೆ, ಇನ್ನೊಂದು ಕಾರ್ಟಿಸಾಲ್ ಬದಲಿ. ಒಂದು ಇದೆಯಲ್ಲ ಅಂತ ಇನ್ನೊಂದನ್ನು ನೀವಾಗಿಯೇ ಬಿಡುವ ಹಾಗಿಲ್ಲ.

ಉಪ್ಪಿನ ಕೆಲಸಕ್ಕೆ ನಮ್ಮಲ್ಲಿ ಸಿಗುವುದು ಫ್ಲುಡ್ರೋಕಾರ್ಟಿಸೋನ್ ಮಾತ್ರೆ, 100 ಮೈಕ್ರೋಗ್ರಾಂ ಅಂದರೆ 0.1 ಮಿಲಿಗ್ರಾಂ. ಸಾಮಾನ್ಯವಾಗಿ ಶುರು ಮಾಡುವುದು ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.01ರಿಂದ 0.02 ಮಿಲಿಗ್ರಾಂ, ಎರಡು ಹೊತ್ತಿಗೆ ಹಂಚಿ. 10 ಕಿಲೋ ನಾಯಿಗೆ ದಿನಕ್ಕೆ ಒಂದೆರಡು ಮಾತ್ರೆ. 30 ಕಿಲೋ ಲ್ಯಾಬ್ರಡಾರ್‌ಗೆ ಮೂರರಿಂದ ಆರು. ಮನುಷ್ಯರಿಗೆ ದಿನಕ್ಕೆ ಒಂದು ಬರೆದು ರೂಢಿಯಿರುವ ಮೆಡಿಕಲ್ ಶಾಪ್‌ನವರು ಚೀಟಿ ನೋಡಿ "ಇದೇನ್ ಸಾರ್, ತಪ್ಪು ಬರೆದಿದ್ದಾರೆ" ಅನ್ನುತ್ತಾರೆ. ತಪ್ಪಲ್ಲ. ಆದರೆ ಮಿಲಿ, ಮೈಕ್ರೋ ಎರಡನ್ನೂ ಚೀಟಿಯ ಮೇಲೆ ಬಿಡಿಸಿ ಬರೆಸಿಕೊಳ್ಳಿ. "ಇದು ಸ್ಟಾಕ್ ಇಲ್ಲ, ಇದೂ ಸ್ಟೆರಾಯ್ಡೇ" ಅಂತ ಹೈಡ್ರೋಕಾರ್ಟಿಸೋನನ್ನೋ ಇನ್ನೊಂದನ್ನೋ ಕೊಟ್ಟರೆ ತೆಗೆದುಕೊಳ್ಳಬೇಡಿ. ಹೆಸರಿನ ಕೊನೆ ಒಂದೇ ಇರಬಹುದು, ಕೆಲಸ ಒಂದೇ ಅಲ್ಲ.

ಅಮೆರಿಕ, ಬ್ರಿಟನ್‌ನಲ್ಲಿರುವ ಕನ್ನಡಿಗರಿಗೆ ಇನ್ನೊಂದು ದಾರಿ ಇದೆ: ಡಿಓಸಿಪಿ ಇಂಜೆಕ್ಷನ್, ಅಲ್ಲಿ ಜೈಕಾರ್ಟಲ್ ಹೆಸರಲ್ಲಿ ಸಿಗುತ್ತದೆ. ಲೇಬಲ್ ಪ್ರಕಾರ 25 ದಿನಕ್ಕೊಮ್ಮೆ ಪ್ರತಿ ಕಿಲೋಗೆ 2.2 ಮಿಲಿಗ್ರಾಂ. ಆಮೇಲೆ ರಕ್ತ ನೋಡಿಕೊಂಡು ಡಾಕ್ಟರು ಪ್ರಮಾಣ ಅಥವಾ ದಿನ ಬದಲಿಸುತ್ತಾರೆ. ಇದರಲ್ಲಿ ಕಾರ್ಟಿಸಾಲ್ ಗುಣ ಇಲ್ಲವೇ ಇಲ್ಲ, ಆದ್ದರಿಂದ ಪ್ರೆಡ್ನಿಸೊಲೋನ್ ಕಡ್ಡಾಯ.

ಕಾರ್ಟಿಸಾಲ್ ಬದಲಿಗೆ ಪ್ರೆಡ್ನಿಸೊಲೋನ್. ಇಲ್ಲಿ ಬೇಕಿರುವುದು ತೀರಾ ಚಿಕ್ಕ ಪ್ರಮಾಣ, ದಿನಕ್ಕೆ ಪ್ರತಿ ಕಿಲೋಗೆ 0.1ರಿಂದ 0.25 ಮಿಲಿಗ್ರಾಂ. 10 ಕಿಲೋ ನಾಯಿಗೆ 5 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ ಸಾಕಾಗಬಹುದು. ಕಟರ್ ಬೇಕು ಅಂದದ್ದು ಇದಕ್ಕೇ, ಚಾಕುವಿನಲ್ಲಿ ಕತ್ತರಿಸಿದರೆ ಅರ್ಧ ಪುಡಿ ನೆಲದ ಪಾಲು. "ಸ್ಟೆರಾಯ್ಡ್ ಅಂದ್ರೆ ಕೆಟ್ಟದ್ದು" ಅಂತ ಹೆದರಿ ನಿಲ್ಲಿಸುವವರಿಗೆ ಒಂದು ಮಾತು: ನಿಮ್ಮ ಮೈಯಲ್ಲಿ ದಿನಾ ತಯಾರಾಗುವ ಕಾರ್ಟಿಸಾಲ್‌ನ ಬದಲಿಯನ್ನೇ ನಾಯಿಗೆ ಹೊರಗಿಂದ ಕೊಡುತ್ತಿದ್ದೀರಿ, ಅಷ್ಟೇ.

ಊಟದ ಜೊತೆಗೇ ಕೊಡಿ. ಚಿನ್ನಿಗೆ ನೆಲ್ಲಿಕಾಯಿ ಗಾತ್ರದ ರಾಗಿ ಮುದ್ದೆ, ನಡುವೆ ಮಾತ್ರೆ. ಮೊದಲು ಖಾಲಿ ಉಂಡೆ, ಎರಡನೆಯದು ಮಾತ್ರೆಯದು, ಮೂರನೆಯದು ಮತ್ತೆ ಖಾಲಿ. ಮೂರನೆಯದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತಾಳೆ. ಮಾತ್ರೆ ಕೊಟ್ಟ ಕೂಡಲೇ ವಾಂತಿಯಾಗಿ ಮಾತ್ರೆ ಹಾಗೇ ಬಿದ್ದಿದ್ದರೆ ಮತ್ತೆ ಕೊಡಬಹುದು. ಎರಡನೇ ಸಲವೂ ನಿಲ್ಲದಿದ್ದರೆ ಮೂರನೇ ಪ್ರಯತ್ನ ಬೇಡ, ಇಂಜೆಕ್ಷನ್‌ಗೆ ಆಸ್ಪತ್ರೆಗೆ ಹೊರಡಿ.

## 7. ಮರುಪರೀಕ್ಷೆ, ಪ್ರಮಾಣ ಹೊಂದಿಸುವುದು

ಮಾತ್ರೆ ಶುರುವಾದ ಒಂದು ವಾರಕ್ಕೆ ಸೋಡಿಯಂ ಪೊಟ್ಯಾಷಿಯಂ. ಸರಿಹೊಂದುವವರೆಗೆ ಒಂದೆರಡು ವಾರಕ್ಕೊಮ್ಮೆ, ಆಮೇಲೆ ಕೆಲವು ತಿಂಗಳು ತಿಂಗಳಿಗೊಮ್ಮೆ, ಗಟ್ಟಿಯಾಗಿ ನಿಂತ ಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ. ನಾಯಿ ಚೆನ್ನಾಗಿ ಕಾಣುತ್ತಿದೆ ಅಂತ ಬಿಡುವುದೇ ಇಲ್ಲಿನ ದೊಡ್ಡ ತಪ್ಪು. ಪೊಟ್ಯಾಷಿಯಂ 6 ದಾಟಿದರೂ ಬಾಲ ಅಲ್ಲಾಡಿಸುವ ನಾಯಿಗಳಿವೆ. ಮೊದಲ ಒಂದೂವರೆ ವರ್ಷದಲ್ಲಿ ಫ್ಲುಡ್ರೋಕಾರ್ಟಿಸೋನ್ ಪ್ರಮಾಣ ನಿಧಾನಕ್ಕೆ ಏರುತ್ತಾ ಹೋಗುವುದು ಸಾಮಾನ್ಯ, ಕಾಯಿಲೆ ಉಲ್ಬಣಿಸಿತು ಅಂತ ಗಾಬರಿ ಬೇಡ. ಚಿನ್ನಿ ದಿನಕ್ಕೆ ಮೂರರಲ್ಲಿ ಶುರುವಾಗಿ ಐದಕ್ಕೆ ಬಂದು ನಿಂತಳು.

ಪ್ರೆಡ್ನಿಸೊಲೋನ್‌ಗೆ ರಕ್ತಪರೀಕ್ಷೆ ಇಲ್ಲ, ನಿಮ್ಮ ಕಣ್ಣೇ ಪರೀಕ್ಷೆ. ಸದಾ ಹಸಿವು, ಸದಾ ಏದುಸಿರು, ಹೊಟ್ಟೆ ಜೋತುಬೀಳುವುದು, ರೋಮ ತೆಳ್ಳಗಾಗುವುದು, ರಾತ್ರಿ ಎರಡು ಸಲ ಹೊರಗೆ ಬಿಡಿ ಅಂತ ಬಾಗಿಲು ಕೆರೆಯುವುದು, ಇವು ಜಾಸ್ತಿಯಾಯ್ತು ಅಂತ ಅರ್ಥ. ನೀರು ಅಳೆಯಿರಿ. ದಿನಕ್ಕೆ ಪ್ರತಿ ಕಿಲೋಗೆ 100 ಮಿಲಿಲೀಟರ್ ದಾಟಿದರೆ, ಅಂದರೆ 20 ಕಿಲೋ ನಾಯಿ ಎರಡು ಲೀಟರ್‌ಗಿಂತ ಹೆಚ್ಚು ಕುಡಿದರೆ, ಅದು ಸಹಜವಲ್ಲ. ಊಟ ಬಿಡುವುದು, ನಡುಕ, ಸಡಿಲ ಮಲ ಕಂಡರೆ ಕಡಿಮೆಯಾಯ್ತು ಅಂತ. ಎರಡರಲ್ಲೂ ಡಾಕ್ಟರಿಗೆ ಹೇಳಿ ಬದಲಿಸಿ, ನೀವೇ ಕೂಡಿಸಿ ಕಳೆಯಬೇಡಿ.

## 8. ದೀಪಾವಳಿ, ಪ್ರಯಾಣ, ಆಪರೇಷನ್

ಬೇರೆ ನಾಯಿಗಳಿಗೆ ಪಟಾಕಿ ಸದ್ದು ಕೇಳಿದಾಗ ಕಾರ್ಟಿಸಾಲ್ ತಾನಾಗಿ ಏರುತ್ತದೆ. ನಿಮ್ಮ ನಾಯಿಗೆ ಏರುವುದು ನೀವು ಕೊಟ್ಟರೆ ಮಾತ್ರ. ಒತ್ತಡದ ದಿನಗಳಿಗೆ ಪ್ರೆಡ್ನಿಸೊಲೋನ್ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ ಮಾಡುತ್ತಾರೆ. ನಿಮ್ಮ ನಾಯಿಗೆ ಎಷ್ಟು ಅನ್ನುವುದನ್ನು ಡಾಕ್ಟರ ಹತ್ತಿರ ಈಗಲೇ ಬರೆಸಿಟ್ಟುಕೊಳ್ಳಿ. ಹಬ್ಬದ ದಿನ ಫೋನ್ ಮಾಡಿದರೆ ಯಾರು ಎತ್ತುತ್ತಾರೆ?

ನಮ್ಮ ಮನೆಯ ಲೆಕ್ಕ ಹೀಗೆ. ನರಕ ಚತುರ್ದಶಿಯ ಹಿಂದಿನ ದಿನದಿಂದ ಪ್ರೆಡ್ನಿಸೊಲೋನ್ ಎರಡು ಪಟ್ಟು, ಬಲಿಪಾಡ್ಯಮಿಯ ಮರುದಿನದವರೆಗೆ. ಆಮೇಲೆ ಒಂದೆರಡು ದಿನದಲ್ಲಿ ಮಾಮೂಲಿಗೆ. ಫ್ಲುಡ್ರೋಕಾರ್ಟಿಸೋನ್ ಬದಲಿಸುವುದಿಲ್ಲ. ಒಳಕೋಣೆ, ಮುಚ್ಚಿದ ಕಿಟಕಿ, ಜೋರಾಗಿ ಫ್ಯಾನ್. ಆದರೂ ಎರಡನೇ ವರ್ಷ ಮಧ್ಯಾಹ್ನವೇ ಯಾರೋ ಹುಡುಗರು ಸರಪಟಾಕಿ ಹೊಡೆದರು, ನಾವು ಸಂಜೆಯಿಂದ ಅಂತ ಕಾಯುತ್ತಿದ್ದೆವು, ರಾತ್ರಿ ವಾಂತಿ ಶುರು. ಅವತ್ತಿಂದ ಹಿಂದಿನ ದಿನವೇ ಶುರು ಮಾಡುತ್ತೇವೆ.

ಬೋರ್ಡಿಂಗ್‌ಗೆ ಬಿಡುವುದು, ದೂರ ಪ್ರಯಾಣ, ಹಲ್ಲು ಕ್ಲೀನಿಂಗ್, ಮನೆ ಬದಲಾವಣೆ, ಜೊತೆಗಿದ್ದ ಇನ್ನೊಂದು ನಾಯಿ ಸತ್ತದ್ದು, ಎಲ್ಲಕ್ಕೂ ಇದೇ ನಿಯಮ. ಆಪರೇಷನ್ ಅಂದರೆ ಅರಿವಳಿಕೆ ಕೊಡುವವರಿಗೆ ಮೊದಲೇ ಹೇಳಿ, ಅಲ್ಲಿ ಇಂಜೆಕ್ಷನ್ ರೂಪದಲ್ಲೇ ಸ್ಟೆರಾಯ್ಡ್ ಬೇಕಾಗುತ್ತದೆ.

## 9. ಜೊತೆಗೆ ಕೊಡಬಾರದ್ದು

ಕುಂಟುತ್ತಿದೆ ಅಂತ ಮೆಲಾಕ್ಸಿಕಾಂ ಅನ್ನುವ ನೋವಿನ ಮಾತ್ರೆ ಕೊಡುವ ಮೊದಲು ನಿಲ್ಲಿ. ಪ್ರೆಡ್ನಿಸೊಲೋನ್ ಜೊತೆ ಅದು ಸೇರಿದರೆ ಹೊಟ್ಟೆಯಲ್ಲಿ ಹುಣ್ಣು. ಚರ್ಮದ ಫಂಗಸ್‌ಗೆ ಬರೆಯುವ ಕೀಟೋಕೋನಜೋಲ್ ಮಾತ್ರೆ ಕಾರ್ಟಿಸಾಲ್ ತಯಾರಿಯನ್ನೇ ತಡೆಯುತ್ತದೆ. ಹೃದಯಕ್ಕೆ ಕೊಡುವ ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಪೊಟ್ಯಾಷಿಯಂ ಏರಿಸುತ್ತವೆ. ಹೊಸ ಡಾಕ್ಟರು ಏನೇ ಬರೆದರೂ ಚೀಟಿ ಕೈಗೆ ಬರುವ ಮುಂಚೆ "ಇವಳಿಗೆ ಅಡಿಸನ್ ಇದೆ" ಅನ್ನಿ.

ಊಟಕ್ಕೆ ವಿಶೇಷ ಪಥ್ಯ ಇಲ್ಲ. ಉಪ್ಪು ಸುರಿಯಬೇಕಾಗಿಲ್ಲ, ಮಾತ್ರೆ ಸರಿಯಾಗಿದ್ದರೆ ಅದೇ ನೋಡಿಕೊಳ್ಳುತ್ತದೆ. ಹಳೆಯ ಚೀಟಿ ನಂಬಿ ಕಿಡ್ನಿ ಡಯಟ್ ಕೊಡುತ್ತಿದ್ದರೆ ಈಗ ಬೇಕಾ ಅಂತ ಕೇಳಿ, ಬಹಳಷ್ಟು ನಾಯಿಗಳಿಗೆ ಬೇಡ.

## 10. ಫ್ರಿಜ್ ಬಾಗಿಲ ಮೇಲಿನ ಹಾಳೆ

ನೀವಿಲ್ಲದಾಗ ನಾಯಿ ನೋಡಿಕೊಳ್ಳುವವರಿಗೆ ಈ ಇಡೀ ಬರಹ ಓದಲು ಪುರುಸೊತ್ತು ಇರುವುದಿಲ್ಲ. ಒಂದೇ ಹಾಳೆ ಬರೆದು ಅಂಟಿಸಿ. ನಮ್ಮದರಲ್ಲಿ ಇರುವುದು ಇಷ್ಟು:

"ಹೆಸರು ಚಿನ್ನಿ, 29 ಕಿಲೋ, ಅಡಿಸನ್ ಕಾಯಿಲೆ. ಬೆಳಿಗ್ಗೆ 7: ಬಿಳಿ ಡಬ್ಬಿಯಿಂದ ಮೂರು, ಹಸಿರು ಡಬ್ಬಿಯಿಂದ ಒಂದು. ರಾತ್ರಿ 7: ಬಿಳಿ ಡಬ್ಬಿಯಿಂದ ಎರಡು. ಕೊಟ್ಟ ಮೇಲೆ ಕ್ಯಾಲೆಂಡರ್‌ನಲ್ಲಿ ಗೀಟು ಹಾಕಿ. ಒಂದು ಹೊತ್ತು ಊಟ ಬಿಟ್ಟರೆ ನಮಗೆ ಫೋನ್. ಎರಡು ಹೊತ್ತು ಬಿಟ್ಟರೆ, ಎರಡು ಸಲ ವಾಂತಿಯಾದರೆ, ಎದ್ದು ನಿಲ್ಲದಿದ್ದರೆ ನಮ್ಮ ಫೋನ್‌ಗೆ ಕಾಯಬೇಡಿ, ನೇರ ಆಸ್ಪತ್ರೆ. ಎಳನೀರು ಬೇಡ."

ಕೊನೆಯ ಸಾಲನ್ನು ನಮ್ಮತ್ತೆಗೋಸ್ಕರ ಕೆಂಪು ಪೆನ್ನಲ್ಲಿ ಬರೆದಿದ್ದೇನೆ. ಬಿಳಿ ಡಬ್ಬಿಯದು ಫ್ಲುಡ್ರೋಕಾರ್ಟಿಸೋನ್, ಅದರಲ್ಲಿ ಯಾವಾಗಲೂ ಮೂರು ವಾರದ ಮಾತ್ರೆ ಮಿಕ್ಕಿರಬೇಕು. ಅದಕ್ಕಿಂತ ಕೆಳಗಿಳಿದ ದಿನವೇ ಮೆಡಿಕಲ್ ಶಾಪ್‌ಗೆ ಆರ್ಡರ್ ಹೇಳುತ್ತೇನೆ, ಏಕೆಂದರೆ ಅವರು "ನಾಳೆ ಬರುತ್ತೆ" ಅಂದದ್ದು ಒಮ್ಮೆ ಹನ್ನೆರಡು ದಿನಕ್ಕೆ ಬಂದಿತ್ತು.